ಹ್ಯಾಕ್ನಿ ಡೌನ್ಸ್ ಶಾಲೆಯಿಂದ ಮಾಸ್‌ಬೋರ್ನ್ ಅಕಾಡೆಮಿವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಒಂದೇ ಜಾಗದಲ್ಲಿ 1876ರಿಂದ ಈಚೆಗೆ ನಾಲ್ಕು ಬಗೆಯ ಶಾಲೆ ನಡೆದಿದೆ: ಶುಲ್ಕದ ಶಾಲೆ, ಗ್ರಾಮರ್ ಶಾಲೆ, ಕಾಂಪ್ರಹೆನ್ಸಿವ್ ಶಾಲೆ, ಈಗ ಅಕಾಡೆಮಿ. ನಡುವೆ ಒಮ್ಮೆ ದೇಶದ ಅತಿ ಕೆಟ್ಟ ಶಾಲೆ ಎನಿಸಿಕೊಂಡು ಬಾಗಿಲು ಹಾಕಿದ್ದೂ ಆಯಿತು. ಲಂಡನ್ನಿಗೆ ಬಂದು ಮಕ್ಕಳಿಗೆ ಶಾಲೆ ಹುಡುಕುವ ಕನ್ನಡಿಗರಿಗೂ, ಶಾಲಾ ಶಿಕ್ಷಣದ ಚರಿತ್ರೆಯಲ್ಲಿ ಆಸಕ್ತಿ ಇರುವವರಿಗೂ ಈ ಪುಟ.

ಕಾಂಪ್ರಹೆನ್ಸಿವ್ ಶಾಲೆ ಅಂದರೆ ಯಾವ ಥರದ್ದು?

ಪ್ರವೇಶ ಪರೀಕ್ಷೆಯಲ್ಲಿ ಜಾಣರನ್ನಷ್ಟೇ ಆರಿಸಿಕೊಳ್ಳದೆ ಸುತ್ತಲಿನ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರುವ, ಶುಲ್ಕವಿಲ್ಲದ ಪ್ರೌಢಶಾಲೆ. ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ ಏಳನೇ ಕ್ಲಾಸಿನ ಅಂಕ ಕೇಳದೆ ಎಂಟಕ್ಕೆ ಸೇರಿಸಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. 11ನೇ ವಯಸ್ಸಿಗೆ ಸೇರಿದ ಮಕ್ಕಳು 16ಕ್ಕೆ ಜಿಸಿಎಸ್‌ಇ ಪರೀಕ್ಷೆ ಬರೆಯುತ್ತಾರೆ. ಸಿಕ್ಸ್ತ್ ಫಾರ್ಮ್ ಇರುವ ಶಾಲೆಗಳಲ್ಲಿ 18ರವರೆಗೂ ಓದಬಹುದು.

1944ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಮಕ್ಕಳನ್ನು 11ಕ್ಕೇ ಸೋಸುತ್ತಿದ್ದರು. 'ಇಲೆವೆನ್ ಪ್ಲಸ್' ಪಾಸಾದವರು ಗ್ರಾಮರ್ ಶಾಲೆಗೆ, ಉಳಿದ ಬಹುಪಾಲು ಮಕ್ಕಳು ಸೆಕೆಂಡರಿ ಮಾಡರ್ನ್ ಶಾಲೆಗೆ. ಇದಕ್ಕೆ ಪರ್ಯಾಯವಾಗಿ 1954ರಲ್ಲಿ ಲಂಡನ್ನಿನ ಕಿಡ್‌ಬ್ರೂಕ್‌ನಲ್ಲಿ ಕಾಂಪ್ರಹೆನ್ಸಿವ್ ಎಂದೇ ಕಟ್ಟಿದ ಶಾಲೆ ಶುರುವಾಯಿತು. 1965ರಲ್ಲಿ ಲೇಬರ್ ಸರ್ಕಾರದ ಶಿಕ್ಷಣ ಸಚಿವ ಆಂಥನಿ ಕ್ರಾಸ್‌ಲೆಂಡ್ 10/65 ಸಂಖ್ಯೆಯ ಸುತ್ತೋಲೆ ಹೊರಡಿಸಿ, ಈ ಪದ್ಧತಿಗೆ ಬದಲಾಗಲು ಯೋಜನೆ ಕಳಿಸಿ ಎಂದು ಸ್ಥಳೀಯ ಆಡಳಿತಗಳನ್ನು ಕೇಳಿದರು. ಅದು ಕೋರಿಕೆ ಮಾತ್ರ, ಆಜ್ಞೆಯಲ್ಲ. ಇಂಗ್ಲೆಂಡಿನಲ್ಲಿ ಇವತ್ತಿಗೂ 163 ಗ್ರಾಮರ್ ಶಾಲೆ ಉಳಿದುಕೊಂಡಿರುವುದು ಅದಕ್ಕೇ. ಆದರೆ ಹ್ಯಾಕ್ನಿಯಲ್ಲಿ ಒಂದೂ ಇಲ್ಲ.

ಹ್ಯಾಕ್ನಿ ಡೌನ್ಸ್ ಶಾಲೆಯನ್ನು ಕಟ್ಟಿಸಿದವರು ಯಾರು?

ಲಂಡನ್ ನಗರದ ಹಳೆಯ ವರ್ತಕ ಸಂಘಗಳಲ್ಲಿ ಒಂದಾದ ಗ್ರೋಸರ್ಸ್ ಕಂಪನಿ. 1876ರಲ್ಲಿ ಶುರುವಾದಾಗ ಇದರ ಹೆಸರು ಗ್ರೋಸರ್ಸ್ ಕಂಪನಿ ಶಾಲೆ. ಗಂಡುಮಕ್ಕಳಿಗೆ ಮಾತ್ರ, ಶುಲ್ಕ ಕೊಟ್ಟು ಓದುವುದು. ಆ ಸಂಘದ ಮೂಲ ಮೆಣಸಿನ ವ್ಯಾಪಾರಿಗಳ ಕೂಟ. ಮಧ್ಯಯುಗದ ಲಂಡನ್ನಿಗೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಈಗಲೂ ಕ್ಲೋವ್ ಕ್ಲಬ್, ಅಂದರೆ ಲವಂಗದ ಕ್ಲಬ್, ಎಂದೇ ಹೆಸರು. 1906ರಲ್ಲಿ ಶಾಲೆ ಲಂಡನ್ ಕೌಂಟಿ ಕೌನ್ಸಿಲ್ ಕೈಗೆ ಬಂತು. ಅಲ್ಲಿಂದ ಮುಂದೆ ಅದು ಹ್ಯಾಕ್ನಿ ಡೌನ್ಸ್ ಶಾಲೆ.

ಹೆರಾಲ್ಡ್ ಪಿಂಟರ್ ಓದಿದ್ದು ಇಲ್ಲೇನಾ?

ಹೌದು, 1940ರ ದಶಕದಲ್ಲಿ. 2005ರಲ್ಲಿ ನೊಬೆಲ್ ಪಡೆದ ನಾಟಕಕಾರ ಶಾಲೆಯ ರಂಗದ ಮೇಲೆ ಮ್ಯಾಕ್‌ಬೆತ್ ಆಗಿಯೂ ರೋಮಿಯೋ ಆಗಿಯೂ ಅಭಿನಯಿಸಿದ್ದರು. ಆಡಿಸಿದವರು ಇಂಗ್ಲಿಷ್ ಮೇಷ್ಟ್ರು ಜೋ ಬ್ರಿಯರ್ಲಿ. ನಟ ಸ್ಟೀವನ್ ಬರ್ಕಾಫ್ ಕೂಡ ಇಲ್ಲಿಯವರು. ಮೈಕೆಲ್ ಕೇನ್ ಸ್ವಲ್ಪ ಕಾಲ ಇದ್ದರು. ಆ ದಿನಗಳಲ್ಲಿ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಜನ ಪೂರ್ವ ಲಂಡನ್ನಿನ ಯಹೂದಿ ಕುಟುಂಬಗಳ ಹುಡುಗರು.

ಒಂದು ಎಚ್ಚರ: ಈ ಹೆಸರುಗಳೆಲ್ಲ ಗ್ರಾಮರ್ ಶಾಲೆಯ ಕಾಲದವು, ಪರೀಕ್ಷೆಯಲ್ಲಿ ಆರಿಸಿ ತಂದ ಹುಡುಗರು. 'ಪಿಂಟರ್ ಓದಿದ ಶಾಲೆ ಹಾಳಾಯಿತು' ಎನ್ನುವ ಮಾತು ಕೇಳಲು ಚೆನ್ನ. ಆದರೆ ಎರಡು ಕಾಲದ ಶಾಲೆಗಳಿಗೆ ಬಂದ ಮಕ್ಕಳೇ ಬೇರೆ, ಅವರನ್ನು ತಂದ ದಾರಿಯೇ ಬೇರೆ.

ಕಾಂಪ್ರಹೆನ್ಸಿವ್ ಆದದ್ದು ಯಾವಾಗ?

1969ರಲ್ಲಿ. ಅದಕ್ಕೂ ಮುಂಚೆ, 1963ರಲ್ಲಿ, ಬೆಂಕಿ ಬಿದ್ದು ಹಳೆಯ ಕಟ್ಟಡದ ದೊಡ್ಡ ಭಾಗ ನಾಶವಾಗಿತ್ತು. ಕಾಂಪ್ರಹೆನ್ಸಿವ್ ಆದ ಮೇಲೂ ಗಂಡುಮಕ್ಕಳ ಶಾಲೆಯಾಗಿಯೇ ಉಳಿಯಿತು. ಇದು ಸಣ್ಣ ವಿಷಯವಲ್ಲ, ಮುಂದಿನ ಉತ್ತರ ನೋಡಿ.

ಶಾಲೆ ಕುಸಿದದ್ದು ಏಕೆ? ಮೇಷ್ಟ್ರುಗಳು ಸರಿಯಿರಲಿಲ್ಲವೇ?

ಮೇಷ್ಟ್ರುಗಳ ಮೇಲೆ ಹೊರಿಸಿ ಮುಗಿಸುವುದು ಸುಲಭ. ಪಾಠ ಕಳಪೆಯಾಗಿದೆ ಎಂದು ತಪಾಸಣೆಯ ವರದಿಗಳು ಬರೆದದ್ದೂ ನಿಜ. ಆದರೆ ಕುಸಿತಕ್ಕೆ ಒಂದು ಕ್ರಮ ಇತ್ತು, ಒಂದು ಇನ್ನೊಂದನ್ನು ಎಳೆಯುವಂಥದ್ದು. ಅದು ಎಲ್ಲ ದೊಡ್ಡ ನಗರಗಳ ದುರ್ಬಲ ಶಾಲೆಗಳಲ್ಲೂ ಕಾಣುವಂಥದ್ದು.

ಮೊದಲನೆಯದು, ಸೇರುವ ಮಕ್ಕಳು. ಹೆಸರಿಗೆ ಎಲ್ಲರ ಶಾಲೆ, ಆದರೆ ಆಯ್ಕೆ ಇರುವ ಪೋಷಕರು ಚರ್ಚ್ ಶಾಲೆಗಳಿಗೋ ಪಕ್ಕದ ಬರೋಗಳಿಗೋ (ಲಂಡನ್ನಿನ ಆಡಳಿತ ವಿಭಾಗಗಳು) ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕು ಎನ್ನುವವರು ಬಹಳ, ಗಂಡುಮಕ್ಕಳಿಗೆ ಪ್ರತ್ಯೇಕ ಶಾಲೆಯೇ ಬೇಕು ಎನ್ನುವವರು ಕಡಿಮೆ. ಹೀಗಾಗಿ ಗಂಡುಮಕ್ಕಳ ಶಾಲೆಗೆ ಕ್ರಮೇಣ ಬೇರೆಲ್ಲೂ ಸೀಟು ಸಿಗದವರೇ ಬಂದು ಸೇರತೊಡಗಿದರು.

ಎರಡನೆಯದು, ಹಣ. 1988ರ ಶಿಕ್ಷಣ ಸುಧಾರಣಾ ಕಾಯ್ದೆ ಎರಡು ಕೆಲಸವನ್ನು ಒಟ್ಟಿಗೆ ಮಾಡಿತು: ಸೀಟು ಇರುವ ತನಕ ಪೋಷಕರು ಕೇಳಿದ ಶಾಲೆಯೇ ಸೇರಿಸಿಕೊಳ್ಳಬೇಕು, ಹಣ ಬಹುಮಟ್ಟಿಗೆ ತಲೆ ಎಣಿಸಿ ಬರಬೇಕು. ಮಕ್ಕಳು ಕಡಿಮೆಯಾದ ಶಾಲೆಗೆ ಹಣ ಕಡಿಮೆ, ಆದರೆ ಸೂರು, ಬಾಯ್ಲರ್, ಲ್ಯಾಬು, ವಿಷಯಕ್ಕೊಬ್ಬ ಮೇಷ್ಟ್ರು ಇವುಗಳ ಖರ್ಚು ಅಷ್ಟೇ. ದುರಸ್ತಿ ಮುಂದಕ್ಕೆ ಹೋಗುತ್ತದೆ, ಕಾಯಂ ಶಿಕ್ಷಕರ ಜಾಗದಲ್ಲಿ ದಿನಗೂಲಿಯ ಸಪ್ಲೈ ಟೀಚರ್‌ಗಳು ಬರುತ್ತಾರೆ.

ಮೂರನೆಯದನ್ನು ಹೊರಗಿನವರು ಗಮನಿಸುವುದೇ ಇಲ್ಲ: ಖಾಲಿ ಸೀಟಿನ ಶಾಪ. ತುಂಬಿದ ಶಾಲೆ ನಡುವರ್ಷದಲ್ಲಿ ಯಾರನ್ನೂ ಸೇರಿಸಿಕೊಳ್ಳಬೇಕಿಲ್ಲ. ಖಾಲಿ ಇರುವ ಶಾಲೆ ಇಲ್ಲ ಎನ್ನುವಂತಿಲ್ಲ. ಬೇರೆ ಶಾಲೆಯವರು ಹೊರಹಾಕಿದ ಹುಡುಗರು, ಆಗಷ್ಟೇ ದೇಶಕ್ಕೆ ಬಂದ ನಿರಾಶ್ರಿತ ಕುಟುಂಬಗಳ ಇಂಗ್ಲಿಷ್ ಬಾರದ ಮಕ್ಕಳು, ಎಲ್ಲರೂ ಇಲ್ಲಿಗೇ. ಇವರಿಗೆ ಹೆಚ್ಚು ಶಿಕ್ಷಕರು ಬೇಕು, ಇರುವವರೇ ಕಡಿಮೆ. ಅದನ್ನು ಕಂಡ ಇನ್ನಷ್ಟು ಪೋಷಕರು ಜಾಗ ಬಿಡುತ್ತಾರೆ, ಸುತ್ತು ಮತ್ತೆ ಮೊದಲಿನಿಂದ.

ಇದರ ಮೇಲೆ ಆಡಳಿತದ ಗೊಂದಲ. 1990ರಲ್ಲಿ ಒಳ ಲಂಡನ್ನಿನ ಶಿಕ್ಷಣ ಪ್ರಾಧಿಕಾರವನ್ನೇ ರದ್ದು ಮಾಡಿ ಶಾಲೆಗಳನ್ನು ಬರೋ ಕೌನ್ಸಿಲ್‌ಗಳಿಗೆ ವಹಿಸಿದರು. ಶಾಲೆ ನಡೆಸಿದ ಅನುಭವವಿಲ್ಲದ, ಒಳಜಗಳದಲ್ಲಿ ಮುಳುಗಿದ್ದ ಹ್ಯಾಕ್ನಿ ಕೌನ್ಸಿಲ್ ಕೈಗೆ ಹ್ಯಾಕ್ನಿ ಡೌನ್ಸ್ ಬಂತು. ಕೊನೆಯ ವರ್ಷಗಳಲ್ಲಿ ಹಂಗಾಮಿ ಮುಖ್ಯಸ್ಥರು ಒಬ್ಬರಾದ ಮೇಲೊಬ್ಬರು ಬಂದುಹೋದರು. ಕಾಯಂ ಹೆಡ್ ಇಲ್ಲದ ಶಾಲೆಯಲ್ಲಿ ಮೊದಲು ಸಡಿಲವಾಗುವುದು ಶಿಸ್ತು.

1995ರಲ್ಲಿ ಮುಚ್ಚಿದ್ದು ಹೇಗೆ?

1994ರಲ್ಲಿ ಆಫ್‌ಸ್ಟೆಡ್, ಅಂದರೆ ಶಾಲಾ ತಪಾಸಣಾ ಸಂಸ್ಥೆ, ಇದನ್ನು ವಿಫಲ ಶಾಲೆ ಎಂದು ಘೋಷಿಸಿತು. ಕೌನ್ಸಿಲ್ ಮುಚ್ಚುವ ಪ್ರಸ್ತಾವ ತಂದಿತು. 1995ರ ಬೇಸಿಗೆಯಲ್ಲಿ ಮನಸ್ಸು ಬದಲಿಸಿ ಹಿಂತೆಗೆದುಕೊಂಡಿತು. ಆಗ ಶಿಕ್ಷಣ ಸಚಿವೆ ಗಿಲಿಯನ್ ಶೆಪರ್ಡ್ 1993ರ ಕಾಯ್ದೆಯ ಅಧಿಕಾರವನ್ನು ಮೊದಲ ಬಾರಿಗೆ ಬಳಸಿ, ಶಾಲೆಯನ್ನು ಕೌನ್ಸಿಲ್ ಕೈಯಿಂದ ಕಿತ್ತು ನಾರ್ತ್ ಈಸ್ಟ್ ಲಂಡನ್ ಎಜುಕೇಷನ್ ಅಸೋಸಿಯೇಷನ್ ಎಂಬ ತಂಡಕ್ಕೆ ಕೊಟ್ಟರು. ಮುಂದೆ ಟೋನಿ ಬ್ಲೇರ್ ಸರ್ಕಾರದ ಶಿಕ್ಷಣ ಸಲಹೆಗಾರರಾದ ಮೈಕೆಲ್ ಬಾರ್ಬರ್ ಅದರ ಸದಸ್ಯರಲ್ಲಿ ಒಬ್ಬರು. ಶಾಲಾವರ್ಷ ಆರಂಭವಾದ ಕೆಲವೇ ವಾರಗಳಲ್ಲಿ ತಂಡದ ವರದಿ ಬಂತು: ಮುಚ್ಚುವುದೇ ಸರಿ. ಪೋಷಕರು ಕೋರ್ಟಿಗೆ ಹೋಗಿ ಸೋತರು. ಡಿಸೆಂಬರ್ ಕೊನೆಗೆ ಶಾಲೆ ಮುಚ್ಚಿತು. ಉಳಿದಿದ್ದ ಹುಡುಗರಲ್ಲಿ ಬಹಳ ಜನರನ್ನು ಹೋಮರ್ಟನ್ ಹೌಸ್ ಶಾಲೆಗೆ ಕಳಿಸಿದರು. 11ನೇ ವರ್ಷದಲ್ಲಿದ್ದವರಿಗೆ (ಇಲ್ಲಿ 'ವರ್ಷ' ಅಂದರೆ ತರಗತಿ, ವಯಸ್ಸಲ್ಲ; ಇವರು 15-16ರ ಹುಡುಗರು) ಜಿಸಿಎಸ್‌ಇಗೆ ಆರು ತಿಂಗಳೂ ಉಳಿದಿರಲಿಲ್ಲ.

'ಬ್ರಿಟನ್ನಿನ ಅತಿ ಕೆಟ್ಟ ಶಾಲೆ' ಎಂದದ್ದು ನ್ಯಾಯವೇ?

ಪತ್ರಿಕೆಗಳು ಕಟ್ಟಿದ ಬಿರುದು ಅದು. ಫಲಿತಾಂಶ ಬಹಳ ಕೆಳಗಿತ್ತು, ಒಬ್ಬೊಬ್ಬ ವಿದ್ಯಾರ್ಥಿಗೆ ಆಗುತ್ತಿದ್ದ ಖರ್ಚು ಬಹಳ ಮೇಲಿತ್ತು. ಎರಡನೆಯದು ದುಂದಿನ ಗುರುತೇ ಆಗಬೇಕಿಲ್ಲ: ಸಾವಿರ ಮಕ್ಕಳಿಗೆಂದು ಕಟ್ಟಿದ ಜಾಗದಲ್ಲಿ ಕೆಲವೇ ನೂರು ಮಕ್ಕಳಿದ್ದರೆ ಭಾಗಾಕಾರ ಹಾಗೇ ಬರುತ್ತದೆ. ಆ ಮಕ್ಕಳು 11ಕ್ಕೆ ಬಂದಾಗ ಎಷ್ಟು ಓದಬಲ್ಲವರಾಗಿದ್ದರು ಎಂಬ ಲೆಕ್ಕ ಆಗಿನ ಪಟ್ಟಿಗಳಲ್ಲಿ ಇರಲೇ ಇಲ್ಲ. ಶಾಲೆಯನ್ನು ಉಳಿಸಬಹುದಿತ್ತು ಎನ್ನುವವರೂ ಇದ್ದಾರೆ. ಅಷ್ಟು ಕಡಿಮೆ ಮಕ್ಕಳು, ಅಷ್ಟು ಹಳಸಿದ ಕಟ್ಟಡ, ಅಂಥ ಕೌನ್ಸಿಲ್ ಇಟ್ಟುಕೊಂಡು ಅದು ಸಾಧ್ಯವಿತ್ತು ಎಂದು ನಂಬುವುದು ಕಷ್ಟ. ಆದರೆ ಮುಚ್ಚಿದ ರೀತಿ, ಅದೂ ಶಾಲಾವರ್ಷದ ನಡುವೆ, ಮಕ್ಕಳ ದೃಷ್ಟಿಯಿಂದ ಒರಟೇ.

ಮಾಸ್‌ಬೋರ್ನ್ ಹೇಗೆ ಬಂತು?

2000ದಲ್ಲಿ ಶಿಕ್ಷಣ ಸಚಿವ ಡೇವಿಡ್ ಬ್ಲಂಕೆಟ್ 'ಸಿಟಿ ಅಕಾಡೆಮಿ' ಯೋಜನೆ ಪ್ರಕಟಿಸಿದರು: ಹಣ ಕೇಂದ್ರ ಸರ್ಕಾರದ್ದು, ಆಡಳಿತ ಕೌನ್ಸಿಲ್‌ನಿಂದ ಹೊರಗೆ, ಜೊತೆಗೊಬ್ಬ ಪ್ರಾಯೋಜಕ. ಉದ್ಯಮಿ ಸರ್ ಕ್ಲೈವ್ ಬೋರ್ನ್ ಮುಂದೆ ಬಂದರು. ಶಾಲೆಗೆ ಅವರ ತಂದೆ ಮಾಸ್ ಬೋರ್ನ್ ಅವರ ಹೆಸರು. ಅಷ್ಟರೊಳಗೆ, 2002ರಲ್ಲಿ, ಹ್ಯಾಕ್ನಿಯ ಶಿಕ್ಷಣದ ಹೊಣೆಯನ್ನೇ ಕೌನ್ಸಿಲ್‌ನಿಂದ ತೆಗೆದು ಲರ್ನಿಂಗ್ ಟ್ರಸ್ಟ್ ಎಂಬ ಸಂಸ್ಥೆಗೆ ಹತ್ತು ವರ್ಷಕ್ಕೆ ವಹಿಸಲಾಗಿತ್ತು.

ಹಳೆಯ ಶಾಲೆಯ ಜಾಗದಲ್ಲೇ ರಿಚರ್ಡ್ ರಾಜರ್ಸ್ ಅವರ ಸಂಸ್ಥೆ ಹೊಸ ಕಟ್ಟಡ ವಿನ್ಯಾಸ ಮಾಡಿತು. ಜಾಗ ತ್ರಿಕೋನ, ಎರಡು ಬದಿಗೆ ರೈಲು ಹಳಿ. ಮರದ ಚೌಕಟ್ಟಿನ ಕಟ್ಟಡ ಹಳಿಗಳಿಗೆ ಬೆನ್ನು ಮಾಡಿ, ಎದುರಿನ ಹ್ಯಾಕ್ನಿ ಡೌನ್ಸ್ ಮೈದಾನದ ಕಡೆಗೆ ತೆರೆದುಕೊಂಡಿದೆ. ಒಳಗೆ ಉದ್ದನೆಯ ಮುಚ್ಚಿದ ಕಾರಿಡಾರ್‌ಗಳಿಲ್ಲ. ಮಕ್ಕಳು ದೊಡ್ಡವರ ಕಣ್ಣು ತಪ್ಪಿಸುವ ಮೂಲೆಗಳು ಕಡಿಮೆ. ಶಿಸ್ತಿನ ಅರ್ಧ ಕೆಲಸ ನಕ್ಷೆಯಲ್ಲೇ ಆಗಿದೆ.

2004ರ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು, 7ನೇ ವರ್ಷದ, ಅಂದರೆ 11ರ ವಯಸ್ಸಿನ, ಮಕ್ಕಳಿಂದ ಮಾತ್ರ. ಹುಡುಗ ಹುಡುಗಿಯರಿಬ್ಬರೂ ಇದ್ದರು. ಮೊದಲ ಮುಖ್ಯಸ್ಥ ಸರ್ ಮೈಕೆಲ್ ವಿಲ್ಷಾ. 2012ರಲ್ಲಿ ಅವರೇ ಆಫ್‌ಸ್ಟೆಡ್‌ನ ಮುಖ್ಯ ತಪಾಸಕರಾದರು.

ಮೊದಲ ಫಲಿತಾಂಶ ಎಷ್ಟು? ಅದಕ್ಕೆ ಅಷ್ಟು ಸದ್ದು ಏಕೆ?

2009ರಲ್ಲಿ ಮೊದಲ ತಂಡ ಜಿಸಿಎಸ್‌ಇ ಬರೆದಾಗ ಶೇ 84ರಷ್ಟು ಮಕ್ಕಳು ಇಂಗ್ಲಿಷ್, ಗಣಿತ ಸೇರಿ ಐದು ವಿಷಯಗಳಲ್ಲಿ ಎ ಸ್ಟಾರ್‌ನಿಂದ ಸಿವರೆಗಿನ ದರ್ಜೆ ಪಡೆದರು. ಆ ವರ್ಷ ಇಡೀ ಇಂಗ್ಲೆಂಡಿನ ಸರಾಸರಿ ಸುಮಾರು ಶೇ 50. ಉಚಿತ ಊಟಕ್ಕೆ ಅರ್ಹರಾದ ಬಡ ಮನೆಗಳ ಮಕ್ಕಳ ಪಾಲು ರಾಷ್ಟ್ರೀಯ ಸರಾಸರಿಗಿಂತ ಬಹಳ ಹೆಚ್ಚಿದ್ದ ಶಾಲೆ ಇದು. ಹಾಗಾಗಿ ಪಕ್ಷಭೇದವಿಲ್ಲದೆ ರಾಜಕಾರಣಿಗಳು ಇದನ್ನು ಎತ್ತಿ ತೋರಿಸಿದರು.

ಹಳೆಯ ಶಾಲೆಗೂ ಇದಕ್ಕೂ ಏನು ವ್ಯತ್ಯಾಸ? ಬರೀ ಶಿಸ್ತೇ?

ಶಿಸ್ತು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬರೆಯುತ್ತಾರೆ: ಕಟ್ಟುನಿಟ್ಟಿನ ಸಮವಸ್ತ್ರ, ಸಣ್ಣ ತಪ್ಪಿಗೂ ಅದೇ ದಿನ ಶಾಲೆ ಬಿಟ್ಟ ಮೇಲೆ ಕೂರಿಸುವುದು, ಪಾಠಕ್ಕೆ ಮೊದಲು ಎಲ್ಲರೂ ಎದ್ದು ನಿಂತು ಹೇಳುವ ಸಂಕಲ್ಪದ ಸಾಲು. ಹಿಂದುಳಿದವರಿಗೆ ಶಾಲೆ ಬಿಟ್ಟ ಮೇಲೂ ಶನಿವಾರವೂ ಪಾಠ.

ಅಷ್ಟೇ ಮುಖ್ಯವಾದವು ಕಣ್ಣಿಗೆ ಬೀಳದವು. ವರ್ಷಕ್ಕೆ ಒಂದೇ ತರಗತಿ ಸೇರಿಸುತ್ತ ಬೆಳೆದದ್ದರಿಂದ ಮೊದಲ ಮಕ್ಕಳಿಗೆ ಕೆಟ್ಟ ಅಭ್ಯಾಸ ಕಲಿಸುವ ಸೀನಿಯರ್‌ಗಳೇ ಇರಲಿಲ್ಲ. ಶಿಕ್ಷಕರನ್ನೆಲ್ಲ ಹೊಸದಾಗಿ ಆರಿಸಿಕೊಂಡರು. ಮೊದಲ ದಿನದಿಂದಲೇ ಸೀಟು ತುಂಬಿದ್ದವು, ಖಾಲಿ ಸೀಟಿನ ಶಾಪ ತಟ್ಟಲಿಲ್ಲ. ಜೊತೆಗೆ ಬ್ಯಾಂಡಿಂಗ್ ಇತ್ತು (ಅದೇನು ಎಂಬುದಕ್ಕೆ ಮುಂದಿನ ಉತ್ತರ ನೋಡಿ). 2003ರಿಂದ ಲಂಡನ್ ಚಾಲೆಂಜ್ ಯೋಜನೆಯಲ್ಲಿ ರಾಜಧಾನಿಯ ಶಾಲೆಗಳೆಲ್ಲ ಮೇಲೇಳುತ್ತಿದ್ದ ಕಾಲವೂ ಅದು. ಮಾಸ್‌ಬೋರ್ನ್ ಪವಾಡವೂ ಅಲ್ಲ, ಮೋಸವೂ ಅಲ್ಲ. 1969ರ ಕಾಂಪ್ರಹೆನ್ಸಿವ್ ಶಾಲೆಗೆ ಯಾರೂ ಕೊಡದಿದ್ದ ಅನುಕೂಲಗಳನ್ನು ಪಡೆದು, ಅವನ್ನು ಹಾಳುಮಾಡದೆ ಬಳಸಿಕೊಂಡ ಶಾಲೆ.

ಬ್ಯಾಂಡಿಂಗ್ ಅಂದರೇನು? ಅದು ಪ್ರವೇಶ ಪರೀಕ್ಷೆ ಅಲ್ಲವೇ?

ಪರೀಕ್ಷೆ ಇದೆ, ಆದರೆ ಪಾಸು ಫೇಲು ಇಲ್ಲ. 6ನೇ ವರ್ಷದ ಮಕ್ಕಳು ತರ್ಕ ಪರೀಕ್ಷೆ ಬರೆಯುತ್ತಾರೆ. ಅಂಕದ ಪ್ರಕಾರ ಅವರನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ನಿಗದಿತ ಪಾಲು ಸೇರಿಸಿಕೊಳ್ಳುತ್ತಾರೆ. 200 ಸೀಟು, ನಾಲ್ಕು ಸಮಪಾಲು ಎಂದರೆ ಗುಂಪಿಗೆ 50. ಗುಂಪಿನೊಳಗೆ ಯಾರಿಗೆ ಎಂಬುದನ್ನು ಮಾಮೂಲಿ ನಿಯಮ ತೀರ್ಮಾನಿಸುತ್ತದೆ: ಸರ್ಕಾರದ ಆರೈಕೆಯಲ್ಲಿರುವ ಮಕ್ಕಳು, ಆಮೇಲೆ ಅಣ್ಣ ಅಕ್ಕ ಅಲ್ಲೇ ಓದುತ್ತಿರುವವರು, ಆಮೇಲೆ ಮನೆಯ ದೂರ.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಮಗುವಿಗೆ ಕೋಚಿಂಗ್ ಕೊಡಿಸಿ ಮೇಲಿನ ಗುಂಪಿಗೆ ತಳ್ಳಿದರೆ ಸೀಟು ಖಾತ್ರಿ ಎಂಬ ಲೆಕ್ಕ ತಪ್ಪು. ಆ ಗುಂಪಿನಲ್ಲೇ ಅರ್ಜಿ ಹೆಚ್ಚಿದ್ದರೆ ದೂರದ ಮಿತಿ ಅಲ್ಲೇ ಬಿಗಿಯಾಗುತ್ತದೆ. ಇನ್ನೊಂದು, ಅಕ್ಟೋಬರ್ 31ರೊಳಗೆ ಕೌನ್ಸಿಲ್‌ಗೆ ಅರ್ಜಿ ಹಾಕಿ ಸುಮ್ಮನಾಗುವುದು. ಪರೀಕ್ಷೆಗೆ ಬೇರೆಯಾಗಿ ಹೆಸರು ಕೊಡಬೇಕಾದ ಶಾಲೆಗಳಿವೆ. ಪರೀಕ್ಷೆಗೆ ಕೂರದ ಮಗುವಿನ ಅರ್ಜಿಯನ್ನು ಸಾಮಾನ್ಯವಾಗಿ ಉಳಿದವರ ನಂತರವೇ ನೋಡುತ್ತಾರೆ. ಆಯಾ ವರ್ಷದ ಪ್ರವೇಶ ನಿಯಮವನ್ನು ಶಾಲೆಯ ಜಾಲತಾಣದಲ್ಲಿ ಓದಿಯೇ ಮುಂದುವರಿಯಿರಿ. ಸೀಟಿನ ಉತ್ತರ ಬರುವುದು ಮಾರ್ಚ್ 1ಕ್ಕೆ.

ಈಗಿನ ಫಲಿತಾಂಶ ಓದುವುದು ಹೇಗೆ? ಪ್ರೋಗ್ರೆಸ್ 8 ಅಂದರೇನು?

ಐದು ವಿಷಯಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ದರ್ಜೆ ಪಡೆದವರನ್ನು ಎಣಿಸುವ ಹಳೆಯ 'ಐದು ಸಿ' ಲೆಕ್ಕಕ್ಕೆ ಒಂದು ರೋಗವಿತ್ತು: ಡಿ ಮತ್ತು ಸಿ ಗಡಿಯಲ್ಲಿರುವ ಮಗುವಿನ ಮೇಲಷ್ಟೇ ಶಾಲೆಗಳು ಗಮನ ಇಡುತ್ತಿದ್ದವು. ಎ ಪಡೆಯಬಲ್ಲವನು ಬಿಗೆ ಇಳಿದರೂ, ಎಫ್‌ನವನು ಇಗೆ ಏರಿದರೂ ಪಟ್ಟಿಯಲ್ಲಿ ಏನೂ ಬದಲಾಗುತ್ತಿರಲಿಲ್ಲ. 2016ರಿಂದ ಮುಖ್ಯ ಅಳತೆ ಪ್ರೋಗ್ರೆಸ್ 8. 2017ರಿಂದ ಅಕ್ಷರಗಳ ಬದಲು 9ರಿಂದ 1ರ ದರ್ಜೆ ಹಂತಹಂತವಾಗಿ ಬಂತು: 4 ಸಾಧಾರಣ ಪಾಸು, 5 ಗಟ್ಟಿ ಪಾಸು, 7 ಅಂದರೆ ಹಳೆಯ ಎ.

ಲೆಕ್ಕ ಹೀಗೆ. ಎಂಟು ಖಾನೆಗಳು: ಇಂಗ್ಲಿಷ್ ಒಂದು, ಗಣಿತ ಒಂದು; ವಿಜ್ಞಾನ, ಇತಿಹಾಸ, ಭೂಗೋಳ, ಭಾಷೆಗಳಂಥ ವಿಷಯಗಳಿಂದ ಮೂರು; ಉಳಿದವುಗಳಿಂದ ಮೂರು. ಗಣಿತಕ್ಕೆ ಎರಡರಷ್ಟು. ಭಾಷೆ, ಸಾಹಿತ್ಯ ಎರಡೂ ಬರೆದಿದ್ದರೆ ಇಂಗ್ಲಿಷಿಗೂ ಎರಡರಷ್ಟು. ಒಬ್ಬಳಿಗೆ ಇಂಗ್ಲಿಷ್ ಭಾಷೆಯಲ್ಲಿ 6 (12 ಆಯಿತು), ಗಣಿತದಲ್ಲಿ 7 (14), ಮುಂದಿನ ಮೂರರಲ್ಲಿ 6, 6, 5 (17), ಕೊನೆಯ ಮೂರರಲ್ಲಿ ಸಾಹಿತ್ಯ 5, ಮತ್ತೆ 7, 6 (18). ಒಟ್ಟು 61. ಇದು ಅವಳ ಅಟೈನ್‌ಮೆಂಟ್ 8, ಗರಿಷ್ಠ 90. ಪ್ರಾಥಮಿಕ ಶಾಲೆಯ ಕೊನೆಗೆ ಅವಳಷ್ಟೇ ಅಂಕ ಪಡೆದಿದ್ದ ದೇಶದ ಮಕ್ಕಳ ಸರಾಸರಿ 56 ಆಗಿದ್ದರೆ ವ್ಯತ್ಯಾಸ 5. ಅದನ್ನು 10ರಿಂದ ಭಾಗಿಸಿದರೆ +0.5. ಅಂದರೆ ವಿಷಯಕ್ಕೆ ಅರ್ಧ ದರ್ಜೆ ಮುಂದೆ. ಇಂಥ ಎಲ್ಲ ಮಕ್ಕಳ ಸರಾಸರಿಯೇ ಶಾಲೆಯ ಅಂಕ. ಸೊನ್ನೆ ಅಂದರೆ ದೇಶದ ಸರಾಸರಿ.

ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಪ್ರಾಥಮಿಕ ಪರೀಕ್ಷೆಗಳೇ ನಡೆಯಲಿಲ್ಲ. ಆ ಮಕ್ಕಳು ಜಿಸಿಎಸ್‌ಇ ಬರೆಯುವ 2025 ಮತ್ತು 2026ಕ್ಕೆ ಹೋಲಿಸಲು ಆರಂಭದ ಅಂಕವಿಲ್ಲ, ಹಾಗಾಗಿ ಪ್ರೋಗ್ರೆಸ್ 8 ಕೂಡ ಇಲ್ಲ. ಆ ಎರಡು ವರ್ಷಕ್ಕೆ ಅಟೈನ್‌ಮೆಂಟ್ 8 ಮಾತ್ರ ನೋಡಿ, ಅದು ಶಾಲೆಗೆ ಎಂಥ ಮಕ್ಕಳು ಸೇರಿದರು ಎಂಬುದನ್ನೂ ಬೆರೆಸಿಕೊಂಡ ಸಂಖ್ಯೆ ಎಂಬುದು ನೆನಪಿರಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಜೊತೆ ಹೋಲಿಸಬಹುದೇ?

ಬೇಡ. ಅಲ್ಲಿ ಶೇಕಡಾ ಎಂದರೆ ಪಾಸಾದ ಮಕ್ಕಳ ಪಾಲು, ಇಲ್ಲಿ ಬೇರೆಬೇರೆ ದರ್ಜೆಯ ಗೆರೆ ದಾಟಿದವರ ಪಾಲು.

ಶಾಲೆ ಬಿಟ್ಟುಹೋದ ಮಕ್ಕಳು ಲೆಕ್ಕಕ್ಕೆ ಬರುತ್ತಾರೆಯೇ?

ಸಾಮಾನ್ಯವಾಗಿ 11ನೇ ವರ್ಷದ ಜನವರಿಯ ಗಣತಿಯಲ್ಲಿ ಯಾವ ಶಾಲೆಯ ಹಾಜರಿಯಲ್ಲಿ ಹೆಸರಿದೆಯೋ ಆ ಶಾಲೆಗೇ ಮಗುವಿನ ಫಲಿತಾಂಶ ಸೇರುತ್ತದೆ. ಅದಕ್ಕೂ ಮುಂಚೆ ಹೊರಟವರು ಹಳೆಯ ಶಾಲೆಯ ಲೆಕ್ಕದಲ್ಲಿ ಇರುವುದಿಲ್ಲ. ಯಾವುದೇ ಶಾಲೆಯನ್ನು ಅಳೆಯುವಾಗ 7ನೇ ವರ್ಷಕ್ಕೆ ಸೇರಿದವರ ಸಂಖ್ಯೆಯನ್ನು ಅದೇ ತಂಡ 11ಕ್ಕೆ ಬಂದಾಗಿನ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಹತ್ತಾರು ಮಕ್ಕಳು ಕಾಣೆಯಾಗಿದ್ದರೆ ಎಲ್ಲಿ ಹೋದರು ಎಂದು ಕೇಳುವ ಹಕ್ಕು ಪೋಷಕರಿಗಿದೆ.

ಕಟ್ಟುನಿಟ್ಟು ಅತಿಯಾಯಿತು ಎಂಬ ದೂರು ಇದೆಯಲ್ಲ?

ಇದೆ. 2014ರಲ್ಲಿ ಮಾಸ್‌ಬೋರ್ನ್ ನಡೆಸುವ ಶಾಲಾ ಒಕ್ಕೂಟ ಮಾಸ್‌ಬೋರ್ನ್ ವಿಕ್ಟೋರಿಯಾ ಪಾರ್ಕ್ ಎಂಬ ಎರಡನೇ ಪ್ರೌಢಶಾಲೆ ತೆರೆಯಿತು. ಅಲ್ಲಿನ ಶಿಸ್ತಿನ ಕ್ರಮಗಳ ಬಗ್ಗೆ ಪೋಷಕರೂ ಹಿಂದಿನ ಸಿಬ್ಬಂದಿಯೂ ದೂರಿದ ಮೇಲೆ, 2024ರ ಕೊನೆಯಲ್ಲಿ ಸ್ಥಳೀಯ ಮಕ್ಕಳ ಸುರಕ್ಷತಾ ವ್ಯವಸ್ಥೆ ಸ್ವತಂತ್ರ ಪರಿಶೀಲನೆಗೆ ಮುಂದಾಯಿತು. ಶಾಲೆ ನೋಡಲು ಹೋದಾಗ ಕೇಳಬೇಕಾದ್ದು ನಿಯಮಗಳ ಪಟ್ಟಿಯನ್ನಲ್ಲ. ಗದರಿಸುವುದಕ್ಕೆ ಮಿತಿ ಏನು, ಆಟಿಸಂ ಅಥವಾ ಎಡಿಎಚ್‌ಡಿ ಇರುವ ಮಗುವಿಗೆ ನಿಯಮ ಹೇಗೆ ಸಡಿಲವಾಗುತ್ತದೆ, ಕಳೆದ ವರ್ಷ ಎಷ್ಟು ಮಕ್ಕಳನ್ನು ಸಸ್ಪೆಂಡ್ ಮಾಡಿದ್ದಾರೆ, ಇವನ್ನು ಕೇಳಿ.

ಆಫ್‌ಸ್ಟೆಡ್‌ನ 'ಔಟ್‌ಸ್ಟ್ಯಾಂಡಿಂಗ್' ಹಣೆಪಟ್ಟಿ ನಂಬಬಹುದೇ?

ತಾರೀಕು ನೋಡಿ. ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟು ತೀರ್ಪು ಕೊಡುವುದನ್ನು 2024ರ ಸೆಪ್ಟೆಂಬರಿನಿಂದ ನಿಲ್ಲಿಸಿದ್ದಾರೆ. ಗೇಟಿನ ಬ್ಯಾನರಿನಲ್ಲಿ ಆ ಪದ ಕಂಡರೆ ಅದು ಹಳೆಯದು.

ಬೆಂಗಳೂರಿನಿಂದ ನಡುವರ್ಷ ಬರುತ್ತಿದ್ದೇವೆ. ಇಂಥ ಶಾಲೆಯಲ್ಲಿ ಸೀಟು ಸಿಗುತ್ತದೆಯೇ?

ತುಂಬಿದ ಶಾಲೆಯಲ್ಲಿ ತಕ್ಷಣ ಸಿಗುವುದು ಅಪರೂಪ. ಮನೆ ಬಾಡಿಗೆ ಕರಾರು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಕೈಗೆ ಬಂದ ದಿನವೇ ಬರೋಗೆ 'ಇನ್ ಇಯರ್' ಅರ್ಜಿ ಹಾಕಿ, ಒಂದಕ್ಕಿಂತ ಹೆಚ್ಚು ಶಾಲೆ ಹೆಸರಿಸಿ. ಇಷ್ಟದ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಇಡಿ. ಆ ಪಟ್ಟಿ ಮೊದಲು ಬಂದವರಿಗೆ ಮೊದಲು ಎಂದು ನಡೆಯುವುದಿಲ್ಲ. ನಿಮಗಿಂತ ಹತ್ತಿರದ ಮನೆಯವರು ನಾಳೆ ಸೇರಿದರೆ ನೀವು ಒಂದು ಸ್ಥಾನ ಕೆಳಗೆ ಹೋಗುತ್ತೀರಿ. ಸಿಕ್ಕ ಶಾಲೆಗೆ ಮಗುವನ್ನು ಕಳಿಸುತ್ತಲೇ ಕಾಯಬಹುದು.

ಸಾಧ್ಯವಿದ್ದರೆ 10ನೇ ವರ್ಷ ಶುರುವಾಗುವ ಮೊದಲೇ ಬನ್ನಿ. ಜಿಸಿಎಸ್‌ಇ ಪಠ್ಯ ಎರಡು ವರ್ಷದ್ದು, ಪರೀಕ್ಷಾ ಮಂಡಳಿಗಳೂ ಬೇರೆಬೇರೆ. 11ನೇ ವರ್ಷದ ನಡುವೆ ಬಂದ ಮಗು ಗಣಿತದಲ್ಲಿ ಹೇಗೋ ದಾಟುತ್ತದೆ, ಇಂಗ್ಲಿಷ್ ಸಾಹಿತ್ಯದಲ್ಲಿ ಮಿಕ್ಕವರು ಮುಗಿಸಿರುವ ನಾಟಕ, ಕಾದಂಬರಿ, ಪದ್ಯಗಳನ್ನು ಮೊದಲಿನಿಂದ ಓದಬೇಕು. ಭಾರತದಿಂದ ಬಂದ ಮಗುವಿಗೆ ಇಲ್ಲಿನ ಪ್ರಾಥಮಿಕ ಪರೀಕ್ಷೆಯ ಅಂಕ ಇಲ್ಲದ್ದರಿಂದ ಅದರ ಹೆಸರು ಪ್ರೋಗ್ರೆಸ್ 8ಕ್ಕೆ ಸೇರುವುದಿಲ್ಲ. 'ನಮ್ಮ ಮಗುವಿನಿಂದ ಶಾಲೆಯ ಅಂಕ ಇಳಿಯುತ್ತದೆ' ಎಂದು ಯಾರಾದರೂ ಹಿಂಜರಿದರೆ ಇದನ್ನು ಹೇಳಿ.